ಹತ್ತರಲ್ಲಿ ಮೂರು

ಪ್ರೊಬೇಷನ್ ಮೇಡಂ ಮೊದಲ ಸಲ ಮನೆಗೆ ಬಂದದ್ದು ಭಾನುವಾರ ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ. ರಜೆಯ ದಿನವಾದರೆ ಮನೆಮಂದಿಯೆಲ್ಲ ಒಟ್ಟಿಗೆ ಸಿಗುತ್ತಾರೆಂದು ಬೇಕೆಂದೇ ಬಂದಿದ್ದರು. ಅಜ್ಜಿ ಆಗಷ್ಟೇ ತಟ್ಟೆಗೆ ಅನ್ನ ಬಡಿಸಿಕೊಂಡಿದ್ದಳು. ಅಮ್ಮ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಕೈ ತೊಳೆದು ಬಂದ ಅಪ್ಪ ಟವೆಲ್ ಹಿಡಿದುಕೊಂಡೇ ಗೋಡೆಗೆ ಅಂಟಿ ನಿಂತುಬಿಟ್ಟ. ಬಾಗಿಲು ತೆರೆದವಳು ಮಗಳು. ಅಪ್ಪನ ಜಾಮೀನಿಗೆ ಸಹಿ ಹಾಕಿದವಳೂ ಅವಳೇ.

ಮೇಡಂ ನಡುವಯಸ್ಸಿನವರು. ಹೆಗಲಿಗೊಂದು ದೊಡ್ಡ ಚೀಲ, ಕಾಲಲ್ಲಿ ನಡೆದು ನಡೆದು ಹಿಮ್ಮಡಿ ಸವೆದ ಬೂಟು. ಎರಡು ಕೋಣೆ, ಒಂದು ಅಡುಗೆಮನೆ ನೋಡಿಕೊಂಡು ಬಂದರು. ಯಾರು ಎಲ್ಲಿ ಮಲಗುತ್ತಾರೆ, ಯಾರು ಎಷ್ಟು ಹೊತ್ತಿಗೆ ಕೆಲಸದಿಂದ ಬರುತ್ತಾರೆ ಎಂದೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ಷರತ್ತುಗಳನ್ನು ಇನ್ನೊಮ್ಮೆ ಓದಿದರು. ಎರಡು ವರ್ಷ ನಿಗಾ. ಪ್ರತಿ ಸೋಮವಾರ ಕಚೇರಿಗೆ ಬಂದು ಸಹಿ. ಊರು ಬಿಡುವ ಹಾಗಿಲ್ಲ. ಬೀಗ ತೆಗೆಯುವ ಹಾಗಿಲ್ಲ, ಕೀಲಿ ಮಾಡುವ ಹಾಗಿಲ್ಲ. ಷರತ್ತು ಮುರಿದರೆ ತಡೆಹಿಡಿದ ಹತ್ತು ತಿಂಗಳ ಜೈಲು ಮತ್ತೆ ಜಾರಿಗೆ ಬರಬಹುದು. ಮುರಿದದ್ದು ಗೊತ್ತಾದರೆ ಜಾಮೀನು ಹಾಕಿದವರು ತಾವಾಗಿಯೇ ಬಂದು ತಿಳಿಸಬೇಕು. ಈ ಕೊನೆಯ ಮಾತನ್ನು ಮಗಳ ಮುಖ ನೋಡಿ ಓದಿದರು.

ಎಲ್ಲ ಮುಗಿದು ಅವರು ಚೀಲ ಏರಿಸಿಕೊಳ್ಳುವಾಗ ಅಜ್ಜಿ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು.

"ಹೀಗೆ ನಿಮ್ಮ ಹತ್ರ ಬರೋರಲ್ಲಿ ಎಷ್ಟು ಜನ ನೆಟ್ಟಗಾಗ್ತಾರೆ ತಾಯಿ?"

ಮೇಡಂ ಚೀಲವನ್ನು ಮತ್ತೆ ಕೆಳಗಿಟ್ಟರು. "ನನ್ನ ಕಡತ ನೋಡಿ ಹೇಳೋದಾದ್ರೆ, ಹತ್ತು ಜನರಲ್ಲಿ ಮೂರು ಜನ ಮತ್ತೆ ಬರ್ತಾರೆ ಅಜ್ಜಿ."

"ಅಂದ್ರೆ ಏಳು ಜನ ಬರಲ್ಲ," ಎಂದಳು ಅಜ್ಜಿ.

"ಮೂರು ಜನ ಬರ್ತಾರೆ," ಎಂದಳು ಅಮ್ಮ.

ಅಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ. ಆ ದಿನ ಮೊಟ್ಟೆ ತಣ್ಣಗಾದ ಮೇಲೆಯೇ ಎಲ್ಲರೂ ಉಂಡದ್ದು.

ಅಪ್ಪ ಬೀಗ ರಿಪೇರಿಯವನು. ಇಪ್ಪತ್ತೆಂಟು ವರ್ಷ ಒಂದೇ ಮೂಲೆಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬಾಗಿಲಗಲದ ಅಂಗಡಿಯಲ್ಲಿ ಕೂತು ಅರ ಉಜ್ಜಿದವನು. ಓಣಿಯವರಿಗೆಲ್ಲ ಅವನು ಬೀಗದ ಮಾಮ. ಒಂದು ದಿನ ನೀಲಿ ಸ್ಕೂಟರಿನವನೊಬ್ಬ ಬಂದು, ಮನೆ ಕೀಲಿ ಕಳೆದುಹೋಗಿದೆ, ಬಾಗಿಲು ತೆಗೆದುಕೊಡಿ ಎಂದ. ಅಪ್ಪ ಹೋಗಿ ತೆಗೆದುಕೊಟ್ಟ. ಹದಿನೈದು ದಿನ ಬಿಟ್ಟು ಅದೇ ಮನುಷ್ಯ ಬಂದು ಅಕ್ಕನ ಮನೆ ಎಂದ. ಮತ್ತೊಂದು ತಿಂಗಳಿಗೆ ಚಿಕ್ಕಪ್ಪನ ಮನೆ ಎಂದ. ಮೂರು ಮನೆಯೂ ಬರಿದಾದ ಮೇಲೆ ಸ್ಕೂಟರಿನವನು ಸಿಕ್ಕಿಬಿದ್ದ, ಅವನ ಬೆನ್ನಿಗೇ ಅಪ್ಪನೂ ಸಿಕ್ಕಿಬಿದ್ದ. ಕೋರ್ಟಿನಲ್ಲಿ ವಕೀಲರು ಹೇಳಿಕೊಟ್ಟ ಹಾಗೆ ಅಪ್ಪ ತಪ್ಪಾಯಿತು ಎಂದ. ಮನೆಗೆ ಬಂದು, ನನಗೇನೂ ಗೊತ್ತಿರಲಿಲ್ಲ ಎಂದ. ಈ ಎರಡು ಮಾತಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮಗಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಮೊದಲನೇ ತಪ್ಪು, ವಯಸ್ಸಾದವನು, ಕುಟುಂಬಸ್ಥ ಎಂದು ಕೋರ್ಟು ಪ್ರೊಬೇಷನ್ ಕೊಟ್ಟಿತು. ಖಾಯಂ ಕೆಲಸ ಇರುವವರು ಯಾರಾದರೂ ಜಾಮೀನಿಗೆ ಬೇಕು ಎಂದಾಗ ಅವಳು ಪೆನ್ನು ಹಿಡಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಆರು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ.

ಅಂಗಡಿಗೆ ಷಟರ್ ಬಿತ್ತು. ಸಾಮಾನಿನ ಪೆಟ್ಟಿಗೆ ಮೊಹರು ಹಾಕಿಸಿಕೊಂಡು ಮೇಡಂ ಅವರ ಕಚೇರಿ ಸೇರಿತು. ಅಪ್ಪನಿಗೆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವರೂ ಮೇಡಂ ಅವರೇ. ಹಾಳೆ ಮಡಿಸು, ಅಂಟು ಹಚ್ಚು, ಒತ್ತು, ಜೋಡಿಸು. ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದರೆ ಐದೂಕಾಲಿಗೆ ಮನೆ. ಒಣಗಿದ ಅಂಟನ್ನು ಬೆರಳಿನಿಂದ ಸಿಪ್ಪೆ ಸುಲಿದಂತೆ ಸುಲಿಯುತ್ತ ಅವನು ಚಹಾ ಕುಡಿಯುತ್ತಿದ್ದ. ಕೆಲಸ ಹೇಗಿದೆ ಎಂದರೆ, ಪೆಟ್ಟಿಗೆ ಪೆಟ್ಟಿಗೆಯ ಹಾಗೇ ಇದೆ ಎನ್ನುತ್ತಿದ್ದ.

ಮೇಡಂ ಬಂದುಹೋದ ಮೇಲೆ ಮನೆಯಲ್ಲಿ ಒಂದು ಲೆಕ್ಕ ಶುರುವಾಯಿತು. ಅಪ್ಪ ಐದೂಕಾಲಿಗೆ ಬಂದರೆ ಅಜ್ಜಿಯ ಏಳು ಜನ ಗೆದ್ದ ಹಾಗೆ. ಐದೂಮುಕ್ಕಾಲಾದರೆ ಅಮ್ಮನ ಮೂರು ಜನ ಎದ್ದು ನಿಂತರು. ಅತ್ತೆ ಸೊಸೆ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿಯೇ. ಆದರೆ ಮೊದಲೆಲ್ಲ ಜಗಳಕ್ಕೆ ಅನ್ನ ಮೆತ್ತಗಾದದ್ದೋ ಬಕೆಟ್ ಖಾಲಿ ಇಟ್ಟದ್ದೋ ಕಾರಣ ಬೇಕಿತ್ತು. ಈಗ ಗಡಿಯಾರವೊಂದೇ ಸಾಕಾಗಿತ್ತು. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದು ಅಜ್ಜಿ ಅಂದರೆ, ಎಲ್ಲರಿಗೂ ಸಿಗುವ ಬಸ್ಸು ನಿಮ್ಮ ಮಗನಿಗೆ ಮಾತ್ರ ಯಾಕೆ ಸಿಗಲ್ಲ ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು. ಅಪ್ಪ ಒಳಗೆ ಕಾಲಿಡುತ್ತಿದ್ದ ಹಾಗೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು.

ಓಣಿಯ ಜನ ಮಾತ್ರ ಬೀಗದ ಮಾಮನನ್ನು ಮರೆಯಲಿಲ್ಲ. ಬೀರುವಿನ ಕೀಲಿ ಒಳಗೇ ಮುರಿಯಿತು, ಮಗಳ ಪೆಟ್ಟಿಗೆ ತೆಗೆಯಲಿಕ್ಕೆ ಬರುತ್ತಿಲ್ಲ ಎಂದು ವಾರಕ್ಕಿಬ್ಬರಾದರೂ ಬಾಗಿಲು ತಟ್ಟುತ್ತಿದ್ದರು. ಆಗೋದಿಲ್ಲ, ಬೇರೆಯವರನ್ನು ಕರೆಯಿರಿ ಎಂದು ಅಪ್ಪ ಹೇಳಿ ಕಳಿಸುತ್ತಿದ್ದ. ಹೇಳಿ ಮುಗಿಸಿ ಒಳಗೆ ಬಂದವನು, ಯಾವ ಕಂಪನಿಯ ಬೀರು, ಹಲ್ಲು ಎಲ್ಲಿ ಮುರಿದಿರಬಹುದು ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ. ಕೇಳಿಸಿಕೊಂಡ ಮಗಳಿಗೆ ಕನಿಕರವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಏಳನೇ ವಾರವೋ ಎಂಟನೇ ವಾರವೋ ಇರಬೇಕು, ಅಮ್ಮ ಅವಳನ್ನು ಬಚ್ಚಲಿಗೆ ಕರೆದಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವವಳು. ಜೇಬು ನೋಡದೆ ಬಟ್ಟೆ ನೀರಿಗೆ ಹಾಕುವುದು ಅವಳ ಕೈಗೆ ಗೊತ್ತೇ ಇಲ್ಲ. ಅಪ್ಪನ ಅಂಗಿಯ ಜೇಬನ್ನು ಹೊರಮಗ್ಗುಲು ಮಾಡಿ ಹಿಡಿದಿದ್ದಳು. ಹೊಲಿಗೆಯ ಸಂದಿಯಲ್ಲಿ ಹಳದಿ ಪುಡಿ ಮಿಣಮಿಣ ಎನ್ನುತ್ತಿತ್ತು.

"ಇದೇನು ಹೇಳು," ಎಂದಳು ಅಮ್ಮ.

ಹೇಳಬೇಕಾದ್ದೇ ಇರಲಿಲ್ಲ. ಮಗಳು ಆ ಪುಡಿಯ ಮೇಲೆಯೇ ಬೆಳೆದವಳು. ಕೀಲಿಗೆ ಅರ ಹಾಕಿದಾಗ ಉದುರುವ ಹಿತ್ತಾಳೆ ಪುಡಿ ಅದು. ಮೊದಲೆಲ್ಲ ಅಪ್ಪನ ತಲೆಗೂದಲಲ್ಲಿ, ಹಾಸಿಗೆಯಲ್ಲಿ, ಒಮ್ಮೊಮ್ಮೆ ಅನ್ನದಲ್ಲೂ ಸಿಗುತ್ತಿತ್ತು.

"ಹಳೆಯ ಅಂಗಿ ಅಮ್ಮ. ಹಿಂದಿನದ್ದು ಉಳಿದಿರಬೇಕು."

"ಈ ಅಂಗಿ ನಾನು ತಂದು ಒಂದು ತಿಂಗಳಾಗಿಲ್ಲ."

ಕೇಳುವುದು ಬೇಡ, ಕೇಳಿದರೆ ಅವನು ಏನಾದರೂ ಹೇಳಿಬಿಡುತ್ತಾನೆ, ಆಮೇಲೆ ನಮಗೆ ಗೊತ್ತಿದೆ ಎಂದಾಗುತ್ತದೆ ಎಂದು ಅಮ್ಮ ತೀರ್ಮಾನ ಕೊಟ್ಟಳು. ಗೊತ್ತಿಲ್ಲದಿದ್ದರೆ ಯಾರಿಗೆ ಏನು ತಿಳಿಸುವುದು? ಹಾಗೆಂದು ಅಂಗಿಯನ್ನು ನೀರಿಗೆ ಅದ್ದಿ ಎರಡು ಸಲ ಸೋಪು ಹಾಕಿ ತಿಕ್ಕಿದಳು. ಮಗಳು ಮಾತ್ರ ಅಂದಿನಿಂದ ದಿನಗಳನ್ನು ನೋಡತೊಡಗಿದಳು. ಗುರುವಾರ ಅಪ್ಪ ಆರೂವರೆಗೆ ಬಂದ. ಮುಂದಿನ ಗುರುವಾರವೂ ಆರೂವರೆ. ನಡೆದುಕೊಂಡು ಬಂದೆ, ಕಾಲಿಗೆ ಒಳ್ಳೆಯದಂತೆ ಎಂದ. ಕಾಲಿಗೆ ಗುರುವಾರ ಮಾತ್ರ ಯಾಕೆ ಒಳ್ಳೆಯದು ಎಂದು ಯಾರೂ ಕೇಳಲಿಲ್ಲ. ಸ್ಕೂಟರಿನವನ ಜತೆಗಾರರು ಯಾರಾದರೂ ಮತ್ತೆ ಬಂದಿದ್ದಾರೆಯೇ ಎಂಬ ಯೋಚನೆ ಅಂಗಡಿಯಲ್ಲಿ ಗಾಜು ಉಜ್ಜುವಾಗ ಅವಳ ತಲೆಗೆ ಬಂತು. ಆ ದಿನ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಮೇಲಿನ ಮಹಡಿಯ ನರ್ಸ್ ಕಿರುಚಿಕೊಂಡಳು. ಒಲೆಯ ಮೇಲೆ ಹಾಲಿಟ್ಟು, ಕಸದ ಚೀಲ ಹೊರಗಿಡಲು ಒಂದು ಹೆಜ್ಜೆ ಬಂದಿದ್ದಾಳೆ. ಗಾಳಿಗೆ ಬಾಗಿಲು ಹಾಕಿಕೊಂಡುಬಿಟ್ಟಿದೆ. ಎಳೆದರೆ ತಾನೇ ಬೀಳುವ ಬೀಗ, ಕೀಲಿ ಒಳಗೆ, ಎರಡು ವರ್ಷದ ಮಗುವೂ ಒಳಗೆ. ಮೆಟ್ಟಿಲ ತುಂಬ ಜನ ಸೇರಿದರು. ಒಬ್ಬ ಭುಜ ಕೊಟ್ಟು ಗುದ್ದಿ ಭುಜ ನೋಯಿಸಿಕೊಂಡ. ಅಗ್ನಿಶಾಮಕದವರಿಗೆ ಫೋನ್ ಮಾಡಿದರೆ ಇಪ್ಪತ್ತು ನಿಮಿಷ ಎಂದರು. ಬಾಗಿಲ ಸಂದಿಯಿಂದ ಹಾಲು ಸೀದ ವಾಸನೆ, ಆಮೇಲೆ ಹೊಗೆ. ಅಲ್ಲಿಯವರೆಗೆ ಅಳುತ್ತಿದ್ದ ಮಗು ಸುಮ್ಮನಾಯಿತು. ಅದು ಸುಮ್ಮನಾದದ್ದೇ ತಡ, ನರ್ಸ್ ಬಾಗಿಲಿಗೆ ತಲೆ ಚಚ್ಚಿಕೊಳ್ಳತೊಡಗಿದಳು.

ಅಪ್ಪ ಮೆಟ್ಟಿಲ ತಿರುವಿನಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಬೀಗದ ಮಾಮ ಇದ್ದಾನಲ್ಲ ಎಂದು ಯಾರೋ ಅಂದರು. ಎಲ್ಲರೂ ತಿರುಗಿ ನೋಡಿದರು. ಅಪ್ಪ ಅವರನ್ನು ನೋಡಲಿಲ್ಲ, ಮಗಳನ್ನು ನೋಡಿದ.

"ಏನ್ ಮಾಡ್ಲಿ ಹೇಳು. ಸಹಿ ಹಾಕಿದವಳು ನೀನು."

"ತೆಗಿ," ಎಂದಳು ಮಗಳು.

ಅಜ್ಜಿಯ ಹಾಸಿಗೆಯಡಿ ಅವಳ ಮಂಡಿಯ ಎಕ್ಸ್‌ರೇ ಹಾಳೆ ಇದೆ, ಅದನ್ನು ತಾ ಎಂದ ಅಪ್ಪ. ಮಗಳು ಕೆಳಗೆ ಓಡಿ ಅದನ್ನೂ, ತನ್ನ ಕೈಚೀಲದಲ್ಲಿದ್ದ ಕನ್ನಡಕದ ಸಣ್ಣ ಸ್ಕ್ರೂಡ್ರೈವರನ್ನೂ ತಂದುಕೊಟ್ಟಳು. ಅಪ್ಪ ಹಾಳೆಯನ್ನು ಬಾಗಿಲ ಸಂದಿಗೆ ತೂರಿಸಿ, ಮುಖ ಒತ್ತಿ ಏನು ಮಾಡಿದನೋ, ಒಂದು ನಿಮಿಷವೂ ಹಿಡಿಯಲಿಲ್ಲ. ಮಗು ಊಟದ ಮೇಜಿನ ಕೆಳಗೆ ಚಮಚ ಚೀಪುತ್ತ ಕೂತಿತ್ತು. ಕರಕಲಾದ ಪಾತ್ರೆಯನ್ನು ಯಾರೋ ನೀರಿಗೆ ಎಸೆದರು. ಜನ ಚಪ್ಪಾಳೆ ತಟ್ಟಿದರು. ಅಪ್ಪನ ಮುಖದಲ್ಲಿ ಮಗಳು ತಿಂಗಳುಗಳಿಂದ ಕಾಣದ ಒಂದು ಬೆಳಕಿತ್ತು. ಅದನ್ನು ಕಂಡು ಅವಳು ಚಪ್ಪಾಳೆ ತಟ್ಟದೆ, ಎಕ್ಸ್‌ರೇಯನ್ನೂ ಸ್ಕ್ರೂಡ್ರೈವರನ್ನೂ ಅವನ ಕೈಯಿಂದ ತೆಗೆದುಕೊಂಡಳು.

ಮನೆಯೊಳಗೆ ಬಂದ ಮೇಲೆ ಅಮ್ಮ ಬಾಗಿಲು ಹಾಕಿ ಅಗುಳಿ ಸೇರಿಸಿದಳು. ಇದರ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಬಾರದು ಎಂದಳು. ಮಗು ಉಳಿಸಿದ್ದಕ್ಕೆ ಬಾಯಿ ಯಾಕೆ ಮುಚ್ಚಿಕೊಳ್ಳಬೇಕು ಎಂದು ಅಜ್ಜಿ ಕೇಳಿದಳು. ಬೀಗ ತೆಗೆಯುವ ಹಾಗಿಲ್ಲ ಎಂದು ಬರೆದಿದೆ, ಮಗು ಇದ್ದರೆ ತೆಗೆಯಬಹುದು ಎಂದು ಬರೆದಿಲ್ಲ ಎಂದಳು ಅಮ್ಮ. ಹಾಗಾದರೆ ಬರೆದವರಿಗೆ ಬುದ್ಧಿ ಇಲ್ಲ ಎಂದಳು ಅಜ್ಜಿ. ಅಷ್ಟಾದ ಮೇಲೆ ತನ್ನ ಮಂಡಿಯ ಎಕ್ಸ್‌ರೇಯ ಒಂದು ಮೂಲೆ ಹರಿದದ್ದು ಕಂಡು, ಇನ್ನು ಡಾಕ್ಟರಿಗೆ ಏನು ತೋರಿಸಲಿ ಎಂದು ಬೇರೆಯೇ ರಾಗ ತೆಗೆದಳು. ಅಪ್ಪ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದ. ಇನ್ನೊಂದು ಲೋಟ ಚಹಾ ಕೇಳಿ ಹಾಕಿಸಿಕೊಂಡ.

ಸೋಮವಾರ ಅವನು ಸಹಿ ಹಾಕಿ ಬಂದ. ಬಾಗಿಲು ತೆಗೆದದ್ದನ್ನು ಅಲ್ಲಿ ಹೇಳಲಿಲ್ಲವಂತೆ. ತಾನು ಹೋಗಿ ತಿಳಿಸಬೇಕೋ ಬೇಡವೋ ಎಂದು ಮಗಳು ಮಂಗಳವಾರ ಯೋಚಿಸಿದಳು, ಬುಧವಾರವೂ ಯೋಚಿಸಿದಳು. ತೆಗಿ ಎಂದವಳೇ ತಾನು. ತನ್ನ ಮೇಲೆ ತಾನೇ ಹೇಗೆ ದೂರು ಹೇಳುವುದು? ಹೇಳದಿದ್ದರೆ ಹಾಕಿದ ಸಹಿಗೆ ಅರ್ಥವೇನು? ಅವಳ ಯೋಚನೆ ಒಂದು ದಡ ಮುಟ್ಟುವ ಮೊದಲೇ ಗುರುವಾರ ಮೇಲಿನ ಮಹಡಿಯ ನರ್ಸ್ ಒಂದು ಬುಟ್ಟಿ ಹಣ್ಣು ಹಿಡಿದು ಪ್ರೊಬೇಷನ್ ಕಚೇರಿಗೆ ಹೋಗಿಬಿಟ್ಟಿದ್ದಳು. ಇಂಥ ದೇವರಂಥ ಮನುಷ್ಯನನ್ನು ನಿಗಾದಲ್ಲಿ ಇಡಬೇಡಿ, ನನ್ನ ಮಗುವಿನ ಜೀವ ಉಳಿಸಿದವರು ಎಂದು ಒಂದು ಪುಟ ಬರೆದು, ಕೆಳಗೆ ಸಹಿ ಮಾಡಿ ಕೊಟ್ಟಿದ್ದಳು. ವಾಪಸ್ಸು ಬಂದು ಸಂತೋಷದಿಂದ ಅಮ್ಮನಿಗೆ ಹೇಳಿದಳು. ಅಮ್ಮ ಅವಳ ಕೈ ಹಿಡಿದು ಒಳ್ಳೆಯದಾಯಿತಮ್ಮ ಎಂದು ಹೇಳಿ, ಅವಳು ಮೆಟ್ಟಿಲು ಹತ್ತಿದ ಮೇಲೆ ನೆಲದ ಮೇಲೆ ಕೂತುಬಿಟ್ಟಳು.

ಮಾರನೆಯ ದಿನವೇ ಮೇಡಂ ಮಗಳನ್ನು ಕರೆಸಿದರು. ಕಚೇರಿ ಎಂದರೆ ಒಂದು ಮೇಜು, ಮೂರು ಕುರ್ಚಿ, ಗೋಡೆಯುದ್ದಕ್ಕೂ ಕಡತ. ನರ್ಸಿನ ಕಾಗದ ಮೇಜಿನ ಮೇಲಿತ್ತು. ಮೇಡಂ ಗದರಲಿಲ್ಲ. ಬರವಣಿಗೆಯಲ್ಲಿ ಬಂದ ಮೇಲೆ ಕೋರ್ಟಿಗೆ ಕಳಿಸಲೇಬೇಕು, ಎಚ್ಚರಿಕೆ ಕೊಟ್ಟು ಬಿಡಿ ಎಂದು ನಾನು ಬರೆಯುತ್ತೇನೆ, ಜೈಲಿನ ಮಾತು ಬರಲಾರದು ಎಂದರು. ಆದರೆ ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವಾಗ ನಿಮ್ಮ ಅಪ್ಪ ಮೂರು ಜನರ ಪಟ್ಟಿಗೇ ಸೇರುತ್ತಾರೆ ಎಂದೂ ಹೇಳಿದರು.

"ಮಗು ಉಳಿಸಿದ್ದಕ್ಕಾ?" ಎಂದಳು ಮಗಳು.

"ಷರತ್ತು ಮುರಿದದ್ದಕ್ಕೆ. ಪಟ್ಟಿಯಲ್ಲಿ ಒಂದೇ ಕಾಲಂ ಇರೋದಮ್ಮ. ಮತ್ತೆ ಕಳ್ಳತನ ಮಾಡಿದವರೂ ಅದರಲ್ಲೇ, ಸೋಮವಾರ ಜ್ವರ ಬಂದು ಸಹಿ ತಪ್ಪಿಸಿದವರೂ ಅದರಲ್ಲೇ."

"ಹಾಗಾದ್ರೆ ಆ ಏಳು ಜನ?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಅವರು ಏನ್ ಮಾಡ್ತಾರೋ ನನಗೆ ಗೊತ್ತಿಲ್ಲ. ನನ್ನ ಹತ್ರ ವಾಪಸ್ ಬರ್ಲಿಲ್ಲ, ಅಷ್ಟು ಗೊತ್ತು."

ಆಮೇಲೆ ಕೇಳಬೇಕಾದ ಪ್ರಶ್ನೆ ಕೇಳಿದರು. ಬೇರೆ ಏನಾದರೂ ತಿಳಿಸುವುದು ಇದೆಯೇ? ಮಗಳ ಕಣ್ಣ ಮುಂದೆ ಜೇಬಿನ ಹೊಲಿಗೆ ಬಂತು. ಇಲ್ಲ ಎಂದಳು. ಮೇಡಂ ಅದನ್ನೂ ಬರೆದುಕೊಂಡರು.

ಆ ಸಂಜೆ ಅಜ್ಜಿ ಆಲೂಗಡ್ಡೆ ಬೇಯಿಸಿದ್ದಳು. ಅಮ್ಮನಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಊಟಕ್ಕೆ ಮೂರೇ ಜನ. ಅಜ್ಜಿ ಎರಡು ತುತ್ತು ತಿಂದು ಮಂಡಿನೋವೆಂದು ಒಳಗೆ ಹೋಗಿ ಮಲಗಿದಳು. ಮಗಳು ತಟ್ಟೆಯಲ್ಲಿ ಕೈಯಾಡಿಸುತ್ತ ಕೂತವಳು, ಇಷ್ಟು ದಿನ ಕೇಳಬಾರದೆಂದು ಹಿಡಿದಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟಳು.

"ಗುರುವಾರ ಎಲ್ಲಿಗೆ ಹೋಗ್ತೀಯಪ್ಪ?"

ಅಪ್ಪ ಅಗಿಯುವುದನ್ನು ನಿಲ್ಲಿಸಲಿಲ್ಲ. ನುಂಗಿ, ನೀರು ಕುಡಿದು, ಮಾರ್ಕೆಟ್ಟಿನ ಹತ್ತಿರ ಎಂದ. ಅವನ ಹಳೆಯ ಶಿಷ್ಯನೊಬ್ಬ ಅಲ್ಲಿ ಅಂಗಡಿ ಇಟ್ಟಿದ್ದ. ಈಗ ಅವನಿಗೇ ನಲವತ್ತು ದಾಟಿದೆ. ಗುರುವಾರ ಕಾರ್ಖಾನೆ ಬಿಟ್ಟ ಮೇಲೆ ಅಪ್ಪ ಅಲ್ಲಿಗೆ ಹೋಗಿ ಒಂದು ಗಂಟೆ ಕೀಲಿಗಳಿಗೆ ಅರ ಹಾಕಿ ಬರುತ್ತಿದ್ದ. ಗಿರಾಕಿಗಳ ಕೀಲಿಯೂ ಅಲ್ಲ, ಕೆಟ್ಟುಹೋದ ಹಳೆಯ ತುಂಡುಗಳು. ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ.

"ಯಾಕೆ ಹೋಗ್ಬೇಕು ಹಾಗಾದ್ರೆ?"

"ಕೈ ಮರೀತಾ ಇದೆ. ಎರಡು ವರ್ಷ ಆದ್ಮೇಲೆ ಇದು ಬರೀ ಪೆಟ್ಟಿಗೆ ಮಡಿಸೋ ಕೈ ಆಗಿರುತ್ತೆ." ತನ್ನ ಎರಡು ಅಂಗೈಗಳನ್ನು ತಟ್ಟೆಯ ಎರಡೂ ಪಕ್ಕಕ್ಕೆ ಇಟ್ಟು ನೋಡಿಕೊಂಡ. ಬೆರಳ ತುದಿಗಳಲ್ಲಿ ಅಂಟು ಬೆಳ್ಳಗೆ ಕೂತಿತ್ತು.

ಹಾಗಂದರೆ ಅದೂ ತಪ್ಪೇ. ಕೀಲಿ ಮಾಡುವ ಹಾಗಿಲ್ಲ ಎಂದು ಬರೆದಿದೆ. ಆದರೆ ಅವಳು ಹೆದರಿಕೊಂಡಿದ್ದ ಸ್ಕೂಟರಿನವನ ಕಡೆಯವರು ಅಲ್ಲಿ ಇರಲಿಲ್ಲ. ನಿಟ್ಟುಸಿರು ಬಿಡಬೇಕೋ ಸಿಟ್ಟಾಗಬೇಕೋ ಅವಳಿಗೆ ತೋಚಲಿಲ್ಲ. ಇವತ್ತು ಮೇಡಂ ಕೇಳಿದರು, ನಾನು ಏನೂ ಇಲ್ಲ ಎಂದು ಹೇಳಿ ಬಂದೆ, ನಿನಗೋಸ್ಕರ ಸುಳ್ಳು ಹೇಳಿದೆ ಎಂದಳು. ಮಾತು ಬಾಯಿಂದ ಹೊರಟ ಮೇಲೆ ನಿಲ್ಲಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು.

"ಆ ಮೂರನೇ ಮನೆ. ನಿನಗೆ ಗೊತ್ತಿತ್ತಾ ಅಪ್ಪ?"

ಒಳಕೋಣೆಯಲ್ಲಿ ಅಜ್ಜಿ ಮಗ್ಗುಲು ಬದಲಿಸಿದ ಸದ್ದಾಯಿತು. ಅಪ್ಪ ದನಿ ತಗ್ಗಿಸಿದ.

"ಮೊದಲನೇ ಸಲ ನಿಜವಾಗ್ಲೂ ಗೊತ್ತಿರ್ಲಿಲ್ಲ. ಎರಡನೇ ಸಲ ಕೇಳ್ಬೇಕು ಅನ್ನಿಸ್ತು, ಕೇಳ್ಲಿಲ್ಲ. ಮೂರನೇ ಸಲ ಬಾಗಿಲು ತೆಗೆದ ಕೂಡ್ಲೇ ಎದುರು ಗೋಡೆ ಮೇಲೆ ಮನೆಯವರ ಫೋಟೋ. ಆರೇಳು ಜನ ಇದ್ರು. ಅವನು ಅದರಲ್ಲಿ ಇರ್ಲಿಲ್ಲ."

"ಆಮೇಲೆ?"

"ಆಮೇಲೇನು. ಪೆಟ್ಟಿಗೆ ಮುಚ್ಚಿ ಮೆಟ್ಟಿಲು ಇಳಿದೆ."

"ದುಡ್ಡು?"

"ತಗೊಂಡೆ. ಮಾಮೂಲಿಗಿಂತ ಜಾಸ್ತಿನೇ ಕೊಟ್ಟ."

ಅವಳು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದಳು. ಒಂದೇ ತಟ್ಟೆಯನ್ನು ಎರಡು ಸಲ ತೊಳೆದಳು. ಬಾಗಿಲು ತೆಗೆದು ಮಗುವನ್ನು ಉಳಿಸಿದ ಮನುಷ್ಯ, ಗೋಡೆಯ ಮೇಲಿನ ಫೋಟೋ ನೋಡಿಯೂ ಮೆಟ್ಟಿಲಿಳಿದ ಮನುಷ್ಯ, ಈಗ ಹಿಂದೆ ಕೂತು ಹಲ್ಲಿಗೆ ಕಡ್ಡಿ ಹಾಕುತ್ತಿರುವ ಮನುಷ್ಯ, ಮೂವರೂ ಒಬ್ಬನೇ ಎಂಬುದು ಗೊತ್ತಿದ್ದ ಸಂಗತಿಯೇ. ಆದರೂ ಮೂವರನ್ನೂ ಒಂದು ಕಡೆ ಕೂರಿಸಲು ಹೋದರೆ ಒಬ್ಬರಲ್ಲ ಒಬ್ಬರು ಜಾರುತ್ತಿದ್ದರು.

ಸೋಮವಾರ ಅಪ್ಪ ಸಹಿ ಹಾಕಲು ಹೋದವನು ಎರಡು ಗಂಟೆ ತಡವಾಗಿ ಬಂದ. ಅಮ್ಮನ ಪಾಳಿ ಬೆಳಗಿನದಾಗಿತ್ತು. ಎಲ್ಲರೂ ಮನೆಯಲ್ಲಿದ್ದರು. ಚಹಾ ಕೈಗೆ ಕೊಡುತ್ತ ಅಮ್ಮ ಯಾಕೆ ತಡ ಎಂದಳು. ಗುರುವಾರದ್ದು ಹೇಳಿದೆ, ಬರೆದುಕೊಳ್ಳುವುದು ತಡವಾಯಿತು ಎಂದ ಅಪ್ಪ.

ಅಮ್ಮ ಕೊಟ್ಟ ಲೋಟವನ್ನು ವಾಪಸ್ಸು ಕಿತ್ತುಕೊಂಡಳು. "ಯಾರ್ ಕೇಳಿದ್ರು ರೀ ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ."

"ಮತ್ತೆ?"

"ಇವಳು ಅಲ್ಲಿ ಏನೂ ಇಲ್ಲ ಅಂತ ಹೇಳಿ ಬಂದಿದ್ಳು. ಅದನ್ನ ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ."

"ಈಗ ನಾನು ಸುಳ್ಳು ಹೇಳಿದೆ ಅಂತ ಆಯ್ತಲ್ಲಪ್ಪ," ಎಂದಳು ಮಗಳು.

ಅಪ್ಪ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. "ಅದು ಹೊಳೀಲಿಲ್ಲ ನನಗೆ."

ಅಜ್ಜಿಗೆ ನಗು ಬಂತು. ಮೊದಲು ಗಂಟಲಲ್ಲಿ ಬಂದು, ಆಮೇಲೆ ಕೆಮ್ಮಾಗಿ, ಅಮ್ಮನೇ ಬೆನ್ನು ತಟ್ಟಬೇಕಾಯಿತು. ನಗುವ ವಿಷಯವಾ ಅತ್ತೆ ಇದು ಎಂದು ಬೈಯುತ್ತಲೇ ತಟ್ಟಿದಳು. ಬೆನ್ನು ತಟ್ಟಿ ಮುಗಿದ ಮೇಲೆ ಅವಳ ಸಿಟ್ಟು ಮತ್ತೆ ಮೇಲೆದ್ದಿತು. ಜೇಬು ತೊಳೆದು ತೊಳೆದು ನಾನು ಮುಚ್ಚಿಟ್ಟರೆ ಇವರು ತಾವೇ ಹೋಗಿ ಉದುರಿಸಿ ಬರುತ್ತಾರೆ, ಜೈಲಿಗೆ ಹೋಗುವ ಆಸೆ ಇದ್ದರೆ ಮೊದಲೇ ಹೇಳಬಹುದಿತ್ತು, ಬಟ್ಟೆ ಕಟ್ಟಿಕೊಡುತ್ತಿದ್ದೆ ಎಂದಳು. ಜೇಬಿನ ಸಂಗತಿ ನಿನಗೂ ಗೊತ್ತಿತ್ತಾ ಎಂದು ಅಪ್ಪ ಕೇಳಿದ. ಅಮ್ಮ ಲೋಟ ಹಿಡಿದು ಒಳಗೆ ನಡೆದಳು. ಮೂರು ವಾರ ಆ ಮನೆಯಲ್ಲಿ ಉಪ್ಪು ಬೇಕೇ, ನೀರು ಬಂತೇ ಎಂಬುದನ್ನು ಬಿಟ್ಟು ಬೇರೆ ಮಾತಾಗಲಿಲ್ಲ.

ಕೋರ್ಟಿನಲ್ಲಿ ಹತ್ತು ನಿಮಿಷವೂ ಹಿಡಿಯಲಿಲ್ಲ. ನ್ಯಾಯಾಧೀಶರು ನರ್ಸಿನ ಕಾಗದ ಓದಿದರು, ಮೇಡಂ ಬರೆದದ್ದು ಓದಿದರು. ಮಗುವಿನ ವಿಷಯಕ್ಕೆ ಬರೀ ಎಚ್ಚರಿಕೆ ಕೊಟ್ಟರು. ಗುರುವಾರಗಳಿಗೆ ಮಾತ್ರ ನಿಗಾ ಅವಧಿಯನ್ನು ಒಂದು ವರ್ಷ ಹೆಚ್ಚಿಸಿದರು. ಸೋಮವಾರದ ಜತೆಗೆ ಗುರುವಾರ ಸಂಜೆಯೂ ಸಹಿ ಹಾಕಬೇಕು ಎಂದರು. ಯಾರೂ ನೋಡದ ತಪ್ಪಿಗೆ ಶಿಕ್ಷೆ ಹೆಚ್ಚಾಯಿತು, ಓಣಿಯೆಲ್ಲ ನೋಡಿದ್ದಕ್ಕೆ ಕಡಿಮೆಯಾಯಿತು. ತಾನೇ ಒಪ್ಪಿಕೊಂಡದ್ದಕ್ಕೆ ಜೈಲು ತಪ್ಪಿತು ಎಂದು ಮೇಡಂ ಹೇಳಿದರು. ತಾನೇ ಒಪ್ಪಿಕೊಳ್ಳದಿದ್ದರೆ ಆ ಒಂದು ವರ್ಷವೂ ಇರುತ್ತಿರಲಿಲ್ಲ ಎಂದು ಅಮ್ಮ ಹೇಳಿದಳು. ಇಬ್ಬರು ಹೇಳಿದ್ದೂ ಸರಿಯಾಗಿಯೇ ಕೇಳಿಸಿತು ಮಗಳಿಗೆ.

ಹಳೆಯ ಜಾಮೀನು ರದ್ದಾಗಿತ್ತು. ಹೊಸ ಜಾಮೀನು ಬೇಕು, ಅದೇ ವ್ಯಕ್ತಿ ಮತ್ತೆ ಹಾಕಬಹುದು, ಹಾಕಲೇಬೇಕೆಂದೇನೂ ಇಲ್ಲ ಎಂದರು ಮೇಡಂ. ಯೋಚಿಸಲು ಒಂದು ವಾರ ಕೊಟ್ಟರು. ಆ ವಾರದಲ್ಲಿ ಅಪ್ಪ ಅವಳನ್ನು ಏನೂ ಕೇಳಲಿಲ್ಲ. ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ಹೊಲಿದಿಟ್ಟ. ನಿನಗೆ ಬೇಡವಾದರೆ ಜಾಮೀನು ನಾನೇ ಹಾಕುತ್ತೇನೆ ಎಂದು ಅಜ್ಜಿ ಹೇಳಿದಳು, ಹೆಬ್ಬೆಟ್ಟು ಒತ್ತುವವರ ಜಾಮೀನು ನಡೆಯುವುದಿಲ್ಲ ಎಂದು ತಿಳಿದು ಸುಮ್ಮನಾದಳು. ಅಮ್ಮ ಮಾತ್ರ ಬಟ್ಟೆ ಮಡಿಸುತ್ತ ಒಮ್ಮೆ, ನೀನು ಬಿಟ್ಟರೂ ನಾನು ತಪ್ಪು ತಿಳಿಯುವುದಿಲ್ಲ ಮಗಳೇ, ನಾನಾದರೋ ಕಟ್ಟಿಕೊಂಡವಳು ಎಂದಳು.

ಏಳನೇ ದಿನ ಅವಳು ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಹೋದಳು. ಅಪ್ಪನೂ ಬಂದಿದ್ದ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಮೇಡಂ ಅವಳೊಬ್ಬಳನ್ನೇ ಒಳಗೆ ಕರೆದರು. ನಮೂನೆಯನ್ನು ಮುಂದಿಟ್ಟರು. ಮೊದಲ ಸಲ ಅವಳು ಅದನ್ನು ಓದಿರಲಿಲ್ಲ, ತೋರಿಸಿದ ಕಡೆ ಸಹಿ ಹಾಕಿದ್ದಳು. ಈಗ ಓದಿದಳು. ಇವರು ಮತ್ತೆ ತಪ್ಪು ಮಾಡುವುದಿಲ್ಲವೆಂದು ನಾನು ನಂಬುತ್ತೇನೆ ಎಂಬ ಸಾಲಿನ ಮೇಲೆ ಅವಳ ಪೆನ್ನು ನಿಂತಿತು.

"ಇದು ನನಗೆ ಗೊತ್ತಿಲ್ಲ ಮೇಡಂ," ಎಂದಳು. "ನಂಬ್ತೀನೋ ಇಲ್ವೋ ಗೊತ್ತಿಲ್ಲ. ಒಂದು ಸುಳ್ಳು ಆಗ್ಲೇ ಹೇಳಿದ್ದೀನಿ."

ಮೇಡಂ ನಮೂನೆಯನ್ನು ತಮ್ಮ ಕಡೆ ತಿರುಗಿಸಿ, ಆ ಸಾಲನ್ನು ಹೊಸದಾಗಿ ಕಂಡವರಂತೆ ಓದಿದರು. ಎಷ್ಟು ವರ್ಷದಿಂದ ಇದನ್ನು ಜನರ ಮುಂದೆ ಇಟ್ಟಿದ್ದರೋ. ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು.

"ನಂಬಿಕೆ ಬೇಡ. ಸಂಜೆ ಇವರು ಎಲ್ಲಿಗೆ ವಾಪಸ್ ಬರ್ತಾರೆ, ಯಾರ ಜತೆ ಊಟ ಮಾಡ್ತಾರೆ, ಅಷ್ಟು ಹೇಳು. ವಿಳಾಸ ಬರಿ ಸಾಕು."

ಮಗಳು ವಿಳಾಸ ಬರೆದಳು. ಮನೆ ನಂಬರು, ಓಣಿಯ ಹೆಸರು, ಎಷ್ಟನೇ ಮಹಡಿ. ಜತೆಗಿರುವವರು ಎಂಬಲ್ಲಿ ಅಜ್ಜಿ, ಅಮ್ಮ, ಆಮೇಲೆ ತಾನು. ಕೆಳಗೆ ಸಹಿ ಹಾಕಿದಳು. ಮನಸ್ಸಿಗೆ ಹಗುರವೇನೂ ಆಗಲಿಲ್ಲ.

ಹೊರಗೆ ಬಂದಾಗ ಅಪ್ಪ ಬೆಂಚಿನಿಂದ ಎದ್ದು ನಿಂತ. ಅವಳ ಮುಖ ನೋಡಿ ಏನೂ ಗೊತ್ತಾಗದೆ, ಏನು ಬರೆದೆ ಎಂದು ಕೇಳಿದ.

"ವಿಳಾಸ ಬರೆದೆ."

"ಸರಿಯಾಗಿ ಬರ್ದೆಯಾ? ಮನೆ ನಂಬರು ಬದಲಾಗಿದೆ ನೋಡು. ಹಳೇದು ಬರೆದ್ರೆ ಅವರು ಹುಡುಕ್ಕೊಂಡು ಎಲ್ಲೋ ಹೋಗ್ತಾರೆ."

ಹೊಸದನ್ನೇ ಬರೆದಿದ್ದೇನೆ ಎಂದಳು. ಹಾಗಾದರೆ ಸರಿ ಎಂದು ಅವನು ಅವಳ ಕೈಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ. ಇಬ್ಬರೂ ಬಸ್ಸಿನ ಕಡೆ ನಡೆದರು.